ಪದಚರ್ಚೆ: ಲಿಯಾನ್‌ಗೆ 1793ರಲ್ಲಿ ಇಟ್ಟ ಹೆಸರು ಕನ್ನಡದಲ್ಲಿ?

ಸು.ರಾ.:
ಪ್ರದರ್ಶನದ ಫಲಕವೊಂದು ಇವತ್ತು ಸಂಜೆಯೇ ಅಚ್ಚಿಗೆ ಹೋಗಬೇಕು, ತುರ್ತು. ರೋನ್, ಸೋನ್ ನದಿಗಳು ಕೂಡುವ ಫ್ರಾನ್ಸಿನ ರೇಷ್ಮೆ ಪಟ್ಟಣ ಲಿಯಾನ್ ಪ್ಯಾರಿಸ್ಸಿನ ಕ್ರಾಂತಿ ಸರ್ಕಾರಕ್ಕೆ ತಿರುಗಿಬಿತ್ತು. ಎರಡು ತಿಂಗಳ ಮುತ್ತಿಗೆಯ ಮೇಲೆ 1793ರ ಅಕ್ಟೋಬರ್ 9ರಂದು ಸೋತಿತು. ಮೂರೇ ದಿನಕ್ಕೆ ಆಜ್ಞೆ ಹೊರಟಿತು: ಸಿರಿವಂತರ ಮನೆ ಕೆಡವಿ, ಊರಿನ ಹೆಸರನ್ನು ಪಟ್ಟಿಯಿಂದ ಅಳಿಸಿ, ಉಳಿದದ್ದನ್ನು 'ವಿಲ್ ಅಫ್ರಾಂಶಿ' ಎಂದು ಕರೆಯಿರಿ. 'ವಿಲ್' ಅಂದರೆ ಊರು; ಒಡೆಯ ಬಿಡುಗಡೆ ಮಾಡಿದ ಗುಲಾಮನಿಗೂ 'ಅಫ್ರಾಂಶಿ' ಅಂತಲೇ ಹೇಳುತ್ತಾರೆ. 'ಮುಕ್ತನಗರ' ನಡೆಯುತ್ತದೆಯೇ?

ಕೆ.ವಿ.:
ನಡೆಯದು. ಬಯಲು ಶೌಚಮುಕ್ತ ಗ್ರಾಮದ ಬೋರ್ಡು ಕಣ್ಣಿಗೆ ಬರುತ್ತದೆ. 'ವಿಮೋಚಿತ ನಗರ' ಎನ್ನಿ. ಊರು ತಾನಾಗಿ ಬಿಡಿಸಿಕೊಂಡದ್ದಲ್ಲ, ದಂಡು ಬಂದು ಬಿಡಿಸಿದ್ದು. ಆ ಕರ್ಮಣಿ ಅರ್ಥ 'ಮುಕ್ತ'ದಲ್ಲಿ ಸಿಗುವುದಿಲ್ಲ.

ಬ.ನಾ.:
ಮತ್ತೆ ಸಕ್ಕದದ (ಸಂಸ್ಕೃತದ) ಮೂಟೆ. 'ಬಿಡಿಸಿದೂರು' ಅನ್ನಿ, ಮುಗಿಯಿತು. ಬಿಡು, ಬಿಡಿಸು, ಬಿಡುಗಡೆ: ಬೇರು ನಮ್ಮದೇ ಇರುವಾಗ ಎರವಲು ಯಾಕೆ?

ಕೆ.ವಿ.:
ಹಲಸಿನ ಹಣ್ಣು ಬಿಡಿಸಿದ ಹಾಗಿದೆ.

ಮ.ಪಾ., ಕಲಬುರಗಿ:
ನಮ್ಮ ಕಡೆ ಸೆಪ್ಟೆಂಬರ್ 17 ವಿಮೋಚನಾ ದಿನ, 1948ರಲ್ಲಿ ನಿಜಾಮನ ಆಳ್ವಿಕೆ ಹೋದದ್ದು. ಲಿಯಾನ್‌ನಲ್ಲಿ ಅದೇ 1793ರ ಡಿಸೆಂಬರಿನಲ್ಲಿ ಬ್ರೊತ್ತೊ ಬಯಲಿಗೆ ಕೈದಿಗಳನ್ನು ಒಯ್ದು, ಸಾಲಾಗಿ ಕಟ್ಟಿ ಫಿರಂಗಿ ಹಾರಿಸಿದರು. ಅದಕ್ಕೂ ಇದೇ ಪದವೇನ್ರೀ?

ಕೆ.ವಿ.:
ಹೆಸರಿಟ್ಟವರ ಕಣ್ಣಿಗೆ ಅದು ವಿಮೋಚನೆಯೇ. ಅವರ ಸುಳ್ಳನ್ನು ತಿದ್ದುವುದು ಅನುವಾದಕರ ಕೆಲಸವಲ್ಲ. ಫಿರಂಗಿಯ ವಿಷಯ ಕೆಳಗಿನ ಸಾಲಿನಲ್ಲಿ ಬರಲಿ.

ಬ.ನಾ.:
ನೀವೆಲ್ಲ ಬಾಯಿ ತುಂಬ ಹೇಳುವ 'ಕ್ರಾಂತಿ'ಯೂ ಎರವಲೇ. ಜೋಯಿಸರ ಕ್ರಾಂತಿವೃತ್ತದಲ್ಲಿ, ಅಂದರೆ ಆಕಾಶದಲ್ಲಿ ಸೂರ್ಯನ ಹಾದಿಯಲ್ಲಿ, ಸುತ್ತುತ್ತಿದ್ದದ್ದನ್ನು ತಂದು ಬೀದಿ ಜಗಳಕ್ಕೆ ಅಂಟಿಸಿದಿರಿ.

ಕೆ.ವಿ.:
ಫ್ರೆಂಚರೂ ಅದನ್ನೇ ಮಾಡಿದ್ದು. 'ರೆವೊಲ್ಯೂಷನ್' ಕೂಡ ಮೊದಲು ಗ್ರಹಗಳ ಸುತ್ತಾಟವೇ. ಆಕಾಶದ ಮಾತು ಬೀದಿಗಿಳಿದರೆ ಮೈಲಿಗೆಯೇ?

ಬ.ನಾ.:
ಮೈಲಿಗೆಯ ಮಾತು ನನ್ನದಲ್ಲ. ಊರ ಹೆಸರನ್ನು ಊರಿನವರು ಓದುವಂತಿರಬೇಕು, ಅಷ್ಟೆ.

ಸು.ರಾ.:
'ವಿಮೋಚಿತ ನಗರ' ಹಾಕಿದೆ. ಇನ್ನೊಂದು ಉಳಿದಿದೆ. ಅವಶೇಷಗಳ ಮೇಲೆ ಕಂಬ ನೆಟ್ಟು ಈ ಒಕ್ಕಣೆ ಬರೆಸಬೇಕೆಂದು ಅದೇ ಆಜ್ಞೆಯಲ್ಲಿದೆ: 'ಲಿಯಾನ್ ಸ್ವಾತಂತ್ರ್ಯದ ಮೇಲೆ ಯುದ್ಧ ಹೂಡಿತು, ಲಿಯಾನ್ ಇನ್ನಿಲ್ಲ.' ಪತ್ರಿಕೆಯ ನಿಧನವಾರ್ತೆಯಂತೆ ಕೇಳಿಸುತ್ತದೆಯೇ?

ಮ.ಪಾ.:
ಕೇಳಿಸಲಿ ಬಿಡ್ರಿ, ಚಲೋ ಕೂತದ. 1794ರ ಅಕ್ಟೋಬರಿನಲ್ಲಿ ಹಳೇ ಹೆಸರು ವಾಪಸ್ ಬಂತು ಅನ್ನೋದನ್ನೂ ಹಾಕ್ರಿ.

ಬ.ನಾ.:
'ಸ್ವಾತಂತ್ರ್ಯ'ಕ್ಕೂ ಕನ್ನಡ ಇಲ್ಲವೇ?