ಅಪ್‌ಡೇಟ್: ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳಿದ್ದೆನಲ್ಲ

ಊಟ ಕಡಿಮೆ ಮಾಡಿದರೂ ತೂಕ ಇಳಿಯುತ್ತಿಲ್ಲ, ಇಂಜೆಕ್ಷನ್ ತೆಗೆದುಕೊಳ್ಳಲೇ ಎಂದು ಕೇಳಿದ್ದೆ. ‘ಬಾಯಿ ಕಟ್ಟಿದರೆ ಸಾಕು’ ಎಂದವರೇ ಹೆಚ್ಚು. ಹಾರ್ಮೋನ್ ತಜ್ಞರು ಮಾತ್ರ ನಿದ್ದೆ, ಮನೆಯವರ ಮೈಕಟ್ಟು, ನಾನು ನುಂಗುವ ಮಾತ್ರೆಗಳು ಎಲ್ಲವನ್ನೂ ವಿಚಾರಿಸಿದರು. ಥೈರಾಯ್ಡ್ ಸರಿಯಾಗಿದೆ. ಆಸ್ತಮಾಕ್ಕೆ ಪದೇಪದೇ ನುಂಗುತ್ತಿದ್ದ ಸ್ಟೀರಾಯ್ಡ್ ಹಸಿವನ್ನು ಕೆರಳಿಸುತ್ತದೆಯಂತೆ. ಅದಕ್ಕೆ ಬದಲಿ ಹುಡುಕುತ್ತಿದ್ದೇವೆ. (ಥಟ್ಟನೆ ನಿಲ್ಲಿಸುವಂತಿಲ್ಲ.)

ಇನ್ನು ಇಂಜೆಕ್ಷನ್. ಸೆಮಾಗ್ಲುಟೈಡ್ ಎಂಬುದು ಕರುಳಿನ ಜಿಎಲ್‌ಪಿ-1 ಹಾರ್ಮೋನಿನಂತೆ ವರ್ತಿಸಿ ಮಿದುಳಿನಲ್ಲಿ ಹಸಿವನ್ನು ತಗ್ಗಿಸುತ್ತದೆ, ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುತ್ತದೆ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡರಷ್ಟು ಮರಳಿತು. ಅದನ್ನೇ ಹಿಡಿದು ‘ಮೋಸ’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟರೆ ಒತ್ತಡ ಏರುವುದಿಲ್ಲವೇ? ಆದರೆ ದೀರ್ಘಕಾಲದ ಖರ್ಚಿಗೆ ಸಿದ್ಧರಿರಬೇಕು, ಅದು ನಿಜ.

ಕೊನೆಗೆ ಕಡಿಮೆ ಡೋಸಿನಿಂದ ಆರಂಭಿಸಿದ್ದೇನೆ. ವಾಕರಿಕೆ, ಮಲಬದ್ಧತೆ ಇವೆ. ಕೊಬ್ಬಿನೊಂದಿಗೆ ಸ್ನಾಯುವೂ ಕರಗುವುದರಿಂದ ಭಾರ ಎತ್ತುವ ವ್ಯಾಯಾಮ ಹೇಳಿದ್ದಾರೆ; ಅದೇ ನನಗೆ ಸೂಜಿಗಿಂತ ಕಷ್ಟ.