ಕ್ರಿಪ್ಟೊ ಕಳಿಸುವಾಗ ಮೋಸ ಹೋಗದ ಹಾಗೆ ನೀವೇನು ಮಾಡುತ್ತೀರಿ? ಅನುಭವ ಹೇಳಿ

ಕಡೂರಿನಿಂದ:
ಮನೆಯಿಂದಲೇ ವೆಬ್‌ಸೈಟ್ ಡಿಸೈನ್ ಮಾಡುತ್ತೇನೆ. ಹೊರದೇಶದ ಗಿರಾಕಿಯೊಬ್ಬರು ಈ ಸಲದ 600 ಡಾಲರ್ ಅನ್ನು ಯುಎಸ್‌ಡಿಟಿಯಲ್ಲಿ (ಒಂದಕ್ಕೆ ಸುಮಾರು ಒಂದು ಡಾಲರ್ ಬೆಲೆಯ ಕ್ರಿಪ್ಟೊ) ಕೊಡುತ್ತೇನೆ ಅಂದಿದ್ದಾರೆ. ಅದನ್ನು ಇಟ್ಟುಕೊಳ್ಳಲು ವ್ಯಾಲೆಟ್ ಮಾಡಿಕೊಂಡಿದ್ದೇನೆ. ಅಲ್ಲಿಂದ ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜ್‌ಗೆ ಕಳಿಸಿ ರೂಪಾಯಿ ಮಾಡಿಕೊಳ್ಳಬೇಕು. ಅಮ್ಮನಿಗೆ ಹೆದರಿಕೆ, ನನಗೂ ಇದೆ. ಕಳಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಸಕಲೇಶಪುರದಿಂದ:
ಮೇಡಂ, ಹೋದ ವರ್ಷ ನಾನು ಸುಮಾರು ನಲವತ್ತು ಸಾವಿರ ರೂಪಾಯಿಯಷ್ಟು ಕಳೆದುಕೊಂಡೆ. ಯಾರೂ ನನ್ನ ಪಾಸ್‌ವರ್ಡ್ ಕದಿಯಲಿಲ್ಲ. ಕಳ್ಳನ ವಿಳಾಸಕ್ಕೆ (ಖಾತೆ ಸಂಖ್ಯೆಯಂಥ ಉದ್ದದ ಅಕ್ಷರಸಾಲು) ನಾನೇ ಕೈಯಾರೆ ಕಳಿಸಿದೆ.

ಎಕ್ಸ್‌ಚೇಂಜ್‌ನಲ್ಲಿರುವ ನನ್ನ ವಿಳಾಸಕ್ಕೆ ಆಗಾಗ ಕಳಿಸುತ್ತಿದ್ದೆ. ಪ್ರತಿ ಸಲ ವ್ಯಾಲೆಟ್‌ನ ಹಳೆ ಲೆಕ್ಕದಿಂದ ವಿಳಾಸ ಕಾಪಿ ಮಾಡುವುದು ರೂಢಿ. ಒಂದು ದಿನ ಆ ಲೆಕ್ಕದಲ್ಲಿ ಸೊನ್ನೆ ಮೊತ್ತದ ಒಂದು ವಹಿವಾಟು ಬಂದು ಕೂತಿತ್ತು. ಅದರ ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರಗಳು ನನ್ನದರಂತೆಯೇ ಇದ್ದವು. ಅಂಥ ವಿಳಾಸಗಳನ್ನು ಬೇಕೆಂದೇ ಕಂಪ್ಯೂಟರ್‌ನಲ್ಲಿ ಹುಟ್ಟಿಸುತ್ತಾರೆ. ವ್ಯಾಲೆಟ್ ತೋರಿಸುವುದು ತಲೆ ಮತ್ತು ಬಾಲ ಮಾತ್ರ, ನಡುವೆ ಬರೀ ಚುಕ್ಕಿ. ನಾನು ಅದನ್ನೇ ಕಾಪಿ ಮಾಡಿದೆ. ಬ್ಯಾಂಕಿನ ಹಾಗೆ ವಾಪಸ್ ಕೇಳಲು ಇಲ್ಲಿ ಯಾರೂ ಇಲ್ಲ. ಹೋಗಿದ್ದು ಹೋಯಿತು.

ಈಗ ಹಳೆ ಲೆಕ್ಕ ಮುಟ್ಟುವುದೇ ಇಲ್ಲ. ಎಕ್ಸ್‌ಚೇಂಜ್ ತೆರೆದು, ಅಲ್ಲಿಂದಲೇ ಹೊಸದಾಗಿ ವಿಳಾಸ ತೆಗೆದುಕೊಳ್ಳುತ್ತೇನೆ. ಟ್ರಾನ್ ಅಂದರೆ ಕ್ರಿಪ್ಟೊ ಸಾಗುವ ಒಂದು ನೆಟ್‌ವರ್ಕ್, ಅದರ ವಿಳಾಸದಲ್ಲಿ 34 ಅಕ್ಷರ ಇರುತ್ತವೆ. ನಾನು ನಾಲ್ಕು ನಾಲ್ಕಾಗಿ ಓದುತ್ತೇನೆ, ನನ್ನ ಹೆಂಡತಿ ಪರದೆಯಲ್ಲಿ ನೋಡಿ ಹೂಂ ಅನ್ನುತ್ತಾಳೆ. ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಾಗ ಬದಲಿಸುವ ವೈರಸ್‌ಗಳೂ ಇವೆ. ಹಾಗಾಗಿ ಪೇಸ್ಟ್ ಆದ ಮೇಲೆ ಓದಿ.

ಮೊದಲು ಐದು ಡಾಲರ್ ಕಳಿಸಿ ನೋಡಿ. ಆದರೆ ಒಂದು ಮಾತು ಮರೆಯಬೇಡಿ. ಆ ಐದು ಡಾಲರ್ ಹೋದ ಕೆಲವೇ ನಿಮಿಷಕ್ಕೆ ನಕಲಿ ವಿಳಾಸ ಬಂದು ಲೆಕ್ಕದಲ್ಲಿ ಸೇರಬಹುದು. ಉಳಿದದ್ದನ್ನು ಕಳಿಸುವಾಗ ಮತ್ತೆ ಮೊದಲಿನಿಂದ ವಿಳಾಸ ತೆಗೆದುಕೊಳ್ಳಿ.

ಆಲ್ದೂರಿನಿಂದ:
ನೆಟ್‌ವರ್ಕ್ ಯಾವುದು ಅಂತ ಗಿರಾಕಿ ಹತ್ತಿರ ಬರಹದಲ್ಲೇ ಕೇಳಿ. ಯುಎಸ್‌ಡಿಟಿ ಟ್ರಾನ್‌ನಲ್ಲೂ ಇದೆ, ಇಥೀರಿಯಂನಲ್ಲೂ ಇದೆ. ಟ್ರಾನ್ ವಿಳಾಸ ಇಂಗ್ಲಿಷಿನ ಟಿ ಅಕ್ಷರದಿಂದ ಶುರು, ಇಥೀರಿಯಂನದು ಸೊನ್ನೆ ಮತ್ತು ಎಕ್ಸ್‌ನಿಂದ. ಎರಡೂ ಕಡೆ ಒಂದೇ ನೆಟ್‌ವರ್ಕ್ ಆರಿಸಬೇಕು. ಟ್ರಾನ್ ಆದರೆ ಶುಲ್ಕಕ್ಕೆ ಸ್ವಲ್ಪ ಟಿಆರ್‌ಎಕ್ಸ್ (ಟ್ರಾನ್‌ನ ಸ್ವಂತ ನಾಣ್ಯ) ಇಟ್ಟುಕೊಳ್ಳಿ.

ಇನ್ನೊಂದು ನಮ್ಮ ಮಲೆನಾಡಿನ ತೊಂದರೆ. ಮಳೆಗೆ ಸಿಗ್ನಲ್ ಹೋದಾಗ ಕಳಿಸಿದ್ದು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ನಾನು ಒಮ್ಮೆ ಗಾಬರಿಯಲ್ಲಿ ಎರಡು ಸಲ ಕಳಿಸಿಬಿಟ್ಟೆ. ಸಿಗ್ನಲ್ ಬರುವ ತನಕ ಕಾಯಿರಿ. ಟ್ರಾನ್‌ಸ್ಕ್ಯಾನ್ ವೆಬ್‌ಸೈಟ್‌ನಲ್ಲಿ ನಿಮ್ಮ ವಿಳಾಸ ಹಾಕಿದರೆ ಎಲ್ಲ ಕಾಣುತ್ತದೆ.

ಹಾಸನದಿಂದ:
ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕ ಎಫ್‌ಐಯುನಲ್ಲಿ ನೋಂದಣಿ ಆಗಿರುವ ಎಕ್ಸ್‌ಚೇಂಜ್ ಬಳಸಿ. ಅದು ಕ್ರಿಪ್ಟೊ ಠೇವಣಿ ತೆಗೆದುಕೊಳ್ಳುತ್ತದಾ ಅಂತ ಮೊದಲೇ ಕೇಳಿ. ಜಾಸ್ತಿ ರೇಟು ಕೊಡುತ್ತೇನೆ ಅನ್ನುವ ಅಪರಿಚಿತನಿಗೆ ಮಾರಬೇಡಿ. ನನ್ನ ಗೆಳೆಯನೊಬ್ಬನ ಖಾತೆಗೆ ಹಾಗೆ ಬಂದ ರೂಪಾಯಿ ಬೇರೆ ಯಾರಿಗೋ ಮೋಸ ಮಾಡಿ ತಂದದ್ದಾಗಿತ್ತು. ಬ್ಯಾಂಕ್ ಅವನ ಖಾತೆಯನ್ನೇ ತಡೆಹಿಡಿಯಿತು. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಿದ.

ತೆರಿಗೆಯೂ ಇದೆ. 2022ರಿಂದ ಲಾಭದ ಮೇಲೆ ಶೇ. 30, ಮಾರುವಾಗ ಶೇ. 1 ಟಿಡಿಎಸ್. ನಿಮ್ಮದು ಕೆಲಸದ ಆದಾಯವೂ ಹೌದಲ್ವಾ, ಆಡಿಟರ್ ಹತ್ತಿರ ಒಮ್ಮೆ ಮಾತಾಡಿ.

ಮೂಡಿಗೆರೆಯಿಂದ:
ತಂಗಿ, ವ್ಯಾಲೆಟ್ ಮಾಡುವಾಗ ಕೊಟ್ಟ, ಅದರ ಕೀಲಿಯಂಥ 12 ಪದಗಳನ್ನು ಕಾಗದದಲ್ಲಿ ಬರೆದಿಡು. ಫೋಟೊ ತೆಗೆಯಬೇಡ. ನನಗೆ ಕಳಿಸುವಾಗ ತೊಂದರೆ ಆಗಿ ಟೆಲಿಗ್ರಾಂನಲ್ಲಿ ಕೇಳಿದ್ದೆ. ಎರಡೇ ನಿಮಿಷಕ್ಕೆ ಕಂಪನಿಯವನು ಅಂತ ಒಬ್ಬ ಬಂದ. ತುಂಬಾ ಮರ್ಯಾದೆಯಿಂದ ಮಾತಾಡಿ ಕೊನೆಗೆ ಕೇಳಿದ್ದು ಆ ಪದಗಳನ್ನೇ. ಕೊಟ್ಟಿದ್ದರೆ ಎಲ್ಲ ಖಾಲಿ. ಕಳೆದುಹೋದ ಹಣ ವಾಪಸ್ ತರುತ್ತೇನೆ, ಮೊದಲು ಫೀಸು ಕೊಡಿ ಅನ್ನುವವರೂ ಕಳ್ಳರೇ. ಏನಾದರೂ ಆದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೂ ಹೋಗು. ವಹಿವಾಟಿನ ಐಡಿ ಬರೆದುಕೊಂಡು ಹೋಗು, ಅವರು ಮೊದಲು ಕೇಳುವುದು ಅದನ್ನೇ.

ಕಡೂರಿನಿಂದ:
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ತನಕ ನಾನೂ ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿದರೆ ಸಾಕು ಅಂದುಕೊಂಡಿದ್ದೆ. ಮೊದಲು ಹತ್ತು ಡಾಲರ್ ಮಾತ್ರ ಹಾಕಿ ಅಂತ ಗಿರಾಕಿಗೆ ಬರೆದಿದ್ದೇನೆ. ಅದರಲ್ಲಿ ಐದನ್ನು ಎಕ್ಸ್‌ಚೇಂಜ್‌ಗೆ ಕಳಿಸುವಾಗ ವಿಳಾಸ ಓದುವುದು ನಾನು, ನೋಡುವುದು ಅಮ್ಮ. ಒಪ್ಪಿಕೊಂಡಿದ್ದಾರೆ.