ತಲಕಾಡು ಟ್ರಿಪ್ಪಿಗೆ ಅತ್ತಿಗೇನ ಕಳಿಸೋ ವಿಷಯ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡ್ದೆ ಕಣಮ್ಮ, ತಿಂಡಿ ಮುಗೀಲಿ ಅಂತ ಇದ್ದೆ. ಟೈಪ್ ಮಾಡಕ್ಕೆ ಕಣ್ಣು ಆಗಲ್ಲ, ಮೈಕ್ ಒತ್ತಿ ಮಾತಾಡ್ತಾ ಇದೀನಿ, ಅದೇ ಬರ್ಕೊಳತ್ತೆ, ಅಲ್ಲಲ್ಲಿ ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊಳಿ ಎಲ್ಲರೂ. ಅತ್ತಿಗೆ, ಅಂದ್ರೆ ನಿಮ್ಮಮ್ಮ, ಬೆಂಗಳೂರಲ್ಲಿ ಇರೋ ಹಿರಿಯರ ಕಮ್ಯುನಿಟಿಯವರು ಬೇಸಿಗೆ ಪ್ರೋಗ್ರಾಂ ಅಂತ ಲಿಸ್ಟ್ ಕಳ್ಸಿದಾರೆ, ಅದ್ರಲ್ಲಿ ಮುಂದಿನ ಭಾನುವಾರ ಸೋಮನಾಥಪುರ ತಲಕಾಡು ಒಂದು ದಿನದ ಟ್ರಿಪ್ ಇದೆ, ಅಮ್ಮಂಗೆ ಬಿಪಿ ಶುಗರ್ ಎರಡೂ ಇದೆ, ಕಳಿಸದೇ ಇದ್ರೆ ರೂಮಲ್ಲಿ ಒಬ್ಬರೇ ಕೂತ್ಕೋತಾರೆ, ಕಳಿಸಿದ್ರೆ ಈ ಬಿಸಿಲು, ಏನ್ ಮಾಡ್ಲಿ ಅತ್ತೆ ಅಂತ ತಾನೆ ನೀನು ಕೇಳಿರೋದು. ಪುಣೆಲಿ ಕೂತ್ಕೊಂಡು ನಿಂಗೆ ಎಷ್ಟು ಯೋಚನೆ ಆಗಿರತ್ತೆ ಅಂತ ನಂಗೆ ಗೊತ್ತಾಗತ್ತೆ.

ತಲಕಾಡು ಅಂದ ತಕ್ಷಣ ನನ್ನ ಎದೆ ಧಸಕ್ ಅಂತು ನೋಡು. ನಮ್ಮ ಟೀಚರಮ್ಮನ ಕತೆ ನಿಮಗ್ಯಾರಿಗೂ ಪೂರ್ತಿ ಹೇಳಿಲ್ಲ. ನಮ್ಮ ಎದುರು ಮನೆ ಟೀಚರಮ್ಮ, ಹೋದ ದಸರಾಕ್ಕೆ ನೀವೆಲ್ಲ ಬಂದಾಗ ಗೊಂಬೆ ನೋಡಕ್ಕೆ ಬಂದಿದ್ರಲ್ಲ, ಎತ್ತರಕ್ಕೆ, ಬೆಳ್ಳಿ ಕೂದಲು, ಅವರೇ. ಇಲ್ಲಿ ಮೈಸೂರಲ್ಲಿ ನಮ್ಮ ಈ ಹಿರಿಯರ ಕಮ್ಯುನಿಟಿಗೆ ಅವರು ಬಂದಾಗಿಂದ ನಂಗೆ ಜೊತೆ. ಸಂಜೆ ಭಜನೆ, ಚೌಕಾಬಾರ, ವಾಕಿಂಗು ಎಲ್ಲಾದ್ರಲ್ಲೂ ಅವರೇ ಮುಂದೆ. ಒಂದು ಏಪ್ರಿಲ್ ಕೊನೇಲಿ ನಮ್ಮಲ್ಲೂ ಇದೇ ತಲಕಾಡು ಟ್ರಿಪ್ ಇಟ್ರು. ಏಳಕ್ಕೆ ಬಸ್ಸು ಹೊರಡತ್ತೆ ಅಂದಿದ್ರು. ಎಲ್ಲ ಆರೂವರೆಗೇ ಸ್ನಾನ ಪೂಜೆ ಮುಗಿಸಿ ಗೇಟ್ ಹತ್ರ ನಿಂತಿದೀವಿ, ಬ್ಯಾನರ್ ಬರಬೇಕು, ಟೋಪಿ ಬರಬೇಕು, ಎಲ್ಲರೂ ಒಂದೇ ಬಣ್ಣದ ಟೋಪಿ ಹಾಕ್ಕೊಂಡು ಬ್ಯಾನರ್ ಹಿಡ್ಕೊಂಡು ಫೋಟೋ ಆಗಬೇಕು ಅಂತ ಹೇಳಿ ಬಸ್ಸು ಬಿಟ್ಟಾಗ ಒಂಬತ್ತೂವರೆ ಆಗಿತ್ತು. ದಾರೀಲಿ ಕಾಫಿಗೆ ಅಂತ ನಿಲ್ಸಿದ್ರು, ಸೋಮನಾಥಪುರ ಬರೋ ಹೊತ್ತಿಗೆ ಬಿಸಿಲು ಏರಿತ್ತು, ಆ ದೇವಸ್ಥಾನ ನೋಡಿ ತಲಕಾಡು ತಲುಪೋ ಹೊತ್ತಿಗೆ ಸರಿಯಾಗಿ ನಡು ಮಧ್ಯಾಹ್ನ.

ತಲಕಾಡು ಮರಳು ನಿಮಗೆಲ್ಲ ಗೊತ್ತಲ್ಲ. ವೈದ್ಯನಾಥೇಶ್ವರನ ದರ್ಶನ ಆದ್ಮೇಲೆ ಪಾತಾಳೇಶ್ವರ, ಮರಳೇಶ್ವರ, ಆಮೇಲೆ ವಿಷ್ಣುವರ್ಧನ ಚೋಳರನ್ನ ಗೆದ್ದು ಕಟ್ಟಿಸಿದ ಕೀರ್ತಿನಾರಾಯಣ, ಎಲ್ಲಾದ್ಕೂ ಮರಳಲ್ಲೇ ನಡೀಬೇಕು. ಪಂಚಲಿಂಗ ದರ್ಶನಾನ ನಮ್ಮ ಹಿರಿಯರು ಕಾರ್ತಿಕ ಮಾಸಕ್ಕೆ ಇಟ್ಟಿರೋದು, 2020ರಲ್ಲಿ ಆದಾಗಲೂ ಡಿಸೆಂಬರ್ ತಿಂಗಳು. ಚಳಿಗಾಲದಲ್ಲಿ ನಡೆಯೋ ಮರಳು ಅದು. ಇವರು ಎಪ್ಪತ್ತು ಎಂಬತ್ತು ವರ್ಷದವರನ್ನ ಏಪ್ರಿಲ್ ಮಧ್ಯಾಹ್ನದಲ್ಲಿ ಬರಿಗಾಲಲ್ಲಿ ನಡೆಸಿದ್ರು.

ಪಾತಾಳೇಶ್ವರದ ಮೆಟ್ಲು ಹತ್ತಿ ಮೇಲೆ ಬಂದ್ವಿ, ಟೀಚರಮ್ಮ ಮಾತೇ ಆಡ್ತಿಲ್ಲ. ಅವರು ಸುಮ್ನಿರೋ ಹೆಂಗಸಲ್ಲ, ದಾರಿ ಉದ್ದಕ್ಕೂ ಗಂಗರ ಕಾಲದ ಕತೆ ಹೇಳ್ಕೊಂಡು ಬಂದೋರು. ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ತಾರೆ, ಹಾಕ್ಕೋತಾರೆ, ಮತ್ತೆ ತೆಗೀತಾರೆ, ಮತ್ತೆ ಒರೆಸ್ತಾರೆ. ಏನ್ರೀ ಆಯ್ತು ಅಂದೆ. ಬಸ್ ಬಂತಾ ಅಂದ್ರು. ಬಸ್ಸು ಆ ಕಡೆ ನಿಂತಿದೆ ಅಂತ ಹೇಳ್ದೆ. ಎರಡು ಹೆಜ್ಜೆ ಇಟ್ಟು ಮತ್ತೆ ಬಸ್ ಬಂತಾ ಅಂದ್ರು. ಮೂರನೇ ಸಲ ಕೇಳಿದಾಗ ನಂಗೆ ಕೈಕಾಲು ತಣ್ಣಗಾಯ್ತು. ಮುಖ ಮುಟ್ಟಿ ನೋಡ್ದೆ, ಕಾದ ಹಂಚಿನ ಹಾಗಿದೆ, ಬೆವರೇ ಇಲ್ಲ. ಅಲ್ಲೇ ಕೂತ್ಬಿಟ್ರು. ನೆರಳಿಗೆ ಎತ್ಕೊಂಡು ಹೋಗಿ ಮಲಗಿಸಿ, ನನ್ನ ಸೀರೆ ಸೆರಗು ಒದ್ದೆ ಮಾಡಿ ಕತ್ತು, ಕಂಕುಳು, ತೊಡೆ ಸಂದಿಗೆಲ್ಲ ಇಟ್ಟು ಬೀಸ್ತಾ ಕೂತ್ಕೊಂಡೆ. ಯಾರೋ ಬಾಯಿಗೆ ನೀರು ಹುಯ್ಯಕ್ಕೆ ಬಂದ್ರು, ಆ ಬಸ್ ಡ್ರೈವರ್ ಹುಡುಗ, ಅವನು ಚೆನ್ನಾಗಿರ್ಲಿ, ಎಚ್ಚರ ಇಲ್ದೇ ಇರೋರಿಗೆ ನೀರು ಹಾಕಬೇಡಿ ಶ್ವಾಸಕೋಶಕ್ಕೆ ಹೋಗತ್ತೆ ಅಂತ ತಡೆದು 108ಕ್ಕೆ ಫೋನ್ ಮಾಡ್ದ. ನರಸೀಪುರದ ಆಸ್ಪತ್ರೆಗೆ ಕರ್ಕೊಂಡು ಹೋಗಿ ಡ್ರಿಪ್ ಹಾಕಿಸಿ, ಆಮೇಲೆ ಮೈಸೂರಿಗೆ. ರಕ್ತದಲ್ಲಿರೋ ಉಪ್ಪಿನಂಶ, ಸೋಡಿಯಂ, ಇಳಿದುಹೋಗಿತ್ತಂತೆ.

ಈಗ ನಾನು ಹೇಳಬೇಕಾಗಿರೋದು ಇದು. ಅವರ ಬ್ಯಾಗ್ ನಾನೇ ಹಿಡ್ಕೊಂಡಿದ್ದೆ. ಆಸ್ಪತ್ರೇಲಿ ಆಧಾರ್ ಕಾರ್ಡ್ ತೆಗಿಯಕ್ಕೆ ಅಂತ ಜಿಪ್ ಎಳೆದ್ರೆ ಒಳಗೆ ಬೆಳಿಗ್ಗೆ ಕೊಟ್ಟಿದ್ದ ನೀರಿನ ಬಾಟ್ಲು ಹಾಗೇ ಇದೆ, ಮುಚ್ಚಳದ ಸೀಲ್ ಕೂಡ ಒಡೆದಿಲ್ಲ. ಹಿಂದಿನ ರಾತ್ರಿ ಊಟ ಆದ್ಮೇಲಿಂದ ಒಂದು ಲೋಟ ಕಾಫಿ ಬಿಟ್ರೆ ಆ ಹೆಂಗಸು ಒಂದು ಗುಟುಕು ನೀರು ಕುಡಿದಿರಲಿಲ್ಲ. ಯಾಕೆ? ದಾರೀಲಿ ಬಾತ್‌ರೂಮ್ ಎಲ್ಲಿ ಸಿಗತ್ತೋ, ಸಿಕ್ರೂ ಹೆಂಗಿರತ್ತೋ, ಬಸ್ ನಿಲ್ಸಿ ಅಂತ ಅಷ್ಟು ಗಂಡಸರ ಮುಂದೆ ಹೆಂಗೆ ಕೇಳೋದು ಅಂತ. ಅದರ ಮೇಲೆ ಬೆಳಿಗ್ಗೆ ಬಿಪಿಗೆ ಅಂತ ಕೊಡೋ ಆ ನೀರಿನ ಮಾತ್ರೆ ತಪ್ಪದೇ ತಗೊಂಡಿದಾರೆ, ಅದು ಮೈಯಲ್ಲಿರೋ ನೀರು ಉಪ್ಪು ಎರಡನ್ನೂ ಹೊರಗೆ ಹಾಕತ್ತೆ. ವಯಸ್ಸಾದ್ಮೇಲೆ ಬಾಯಾರಿಕೆನೂ ಮೊದಲಿನಂಗೆ ಗೊತ್ತಾಗಲ್ಲ ಅಂತ ಡಾಕ್ಟರ್ ಹೇಳಿದ್ರು, ಮೈ ಒಣಗಿರತ್ತೆ, ಬಾಯಾರಿಕೆನೇ ಆಗಿರಲ್ಲ. ಪುಟ್ಟಿ, ನೀನು ಬಿಸಿಲು ಬಿಸಿಲು ಅಂತ ಹೆದರ್ತಿದೀಯ, ಬಿಸಿಲಿಗೆ ಕೊಡೆ ಇದೆ ನೆರಳಿದೆ ಕಣೇ, ಬಾತ್‌ರೂಮಿಗೆ ಹೆದರಿ ನೀರು ಕುಡಿಯೋದೇ ಬಿಡ್ತಾರಲ್ಲ ಅದೇ ಜೀವಕ್ಕೆ ಬರೋದು. ನಿಮ್ಮಮ್ಮನ ಸಂಗತಿ ನಂಗೆ ಗೊತ್ತಿಲ್ವಾ, ನಮ್ಮ ಮನೆಗೆ ಸೊಸೆಯಾಗಿ ಬಂದಾಗಿಂದ ನೋಡಿದೀನಿ, ಧರ್ಮಸ್ಥಳಕ್ಕೆ ಹೋಗಿ ಬರೋವರೆಗೂ ತೊಟ್ಟು ನೀರು ಮುಟ್ಟದೇ ಇರೋರು, ಅಣ್ಣ ಎಷ್ಟು ಬೈದ್ರೂ ಕೇಳ್ತಿರಲಿಲ್ಲ. ಇಲ್ಲಿರೋ ಹೆಂಗಸರೆಲ್ಲ ಹಂಗೇನೆ, ಒಬ್ಬರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ.

ಟೀಚರಮ್ಮ ಉಳ್ಕೊಂಡ್ರು, ದೇವರು ದೊಡ್ಡವನು. ಆದ್ರೆ ಆವತ್ತಿಂದ ಎಲ್ಲಿಗೂ ಬರಲ್ಲ. ಚಾಮುಂಡಿ ಬೆಟ್ಟಕ್ಕೆ ಕಾರಲ್ಲಿ ಹೋಗಿ ಬರೋಣ ಅಂದ್ರೂ ಇಲ್ಲ, ಮಾವಿನ ಮೇಳಕ್ಕೆ ಅಂದ್ರೂ ಇಲ್ಲ. ಚೌಕಾಬಾರದ ಮಣೆ ಅವರ ಮಂಚದ ಕೆಳಗೇ ಇದೆ. ಮಕ್ಕಳು ಫೋನ್ ಮಾಡಿ ಅಮ್ಮ ಸೇಫ್ ಆಗಿದಾರೆ ಅಂತ ಖುಷಿಯಾಗಿದಾರೆ, ಬಾಗಿಲು ಹಾಕ್ಕೊಂಡು ಕೂತಿರೋದು ಸೇಫಾ? ಅದಕ್ಕೇ ಮತ್ತೊಂದು ಸಲ ಹೇಳ್ತೀನಿ, ಗ್ರೂಪಲ್ಲಿ ವಯಸ್ಸಾದ ಅಪ್ಪ ಅಮ್ಮ ಇರೋರೆಲ್ಲ ಕೇಳಿಸ್ಕೊಳಿ, ಪ್ರಯಾಣದಲ್ಲಿ ಬಾತ್‌ರೂಮಿಗೆ ಹೆದರಿ ನೀರು ಕುಡಿಯೋದು ನಿಲ್ಲಿಸಕ್ಕೆ ಬಿಡಬೇಡಿ, ಪಕ್ಕದಲ್ಲಿ ಕೂತಿರೋರು ಬಾಟ್ಲು ತೆಗೆದು ಕೈಗೆ ಕೊಟ್ಟು ಕುಡಿಸಬೇಕು.

ಈ ಟ್ರಿಪ್ಪುಗಳನ್ನ ಯಾರಿಗೋಸ್ಕರ ಮಾಡ್ತಾರೆ ಅಂತಾನೇ ನಂಗೆ ಅರ್ಥ ಆಗಲ್ಲ. ಆ ಬ್ಯಾನರ್ ಫೋಟೋ ಅಷ್ಟೊತ್ತಿಗಾಗಲೇ ಮಕ್ಕಳ ಗ್ರೂಪಿಗೆ ಹೋಗಿತ್ತು, ಅಮೆರಿಕದಲ್ಲಿರೋ ಮಗ ವಾವ್ ಅಂತ ಹಾಕಿದ್ದ, ಅಮ್ಮ ಇಲ್ಲಿ ನರಸೀಪುರದಲ್ಲಿ ಡ್ರಿಪ್ ಹಾಕಿಸ್ಕೊಂಡು ಮಲಗಿದಾರೆ. ಈಗ ಬೇಸಿಗೆ ಬಂತು ಅಂದ್ರೆ ದಿನಾ ಹನ್ನೊಂದು ಗಂಟೆಗೆ ಹಾಲಲ್ಲಿ ಆ್ಯಕ್ಟಿವಿಟಿ. ಬಲೂನ್ ತಟ್ಟೋದು, ಕುರ್ಚಿ ಸುತ್ತ ಚಪ್ಪಾಳೆ ತಟ್ಕೊಂಡು ಓಡಾಡೋದು, ಗೆದ್ದೋರಿಗೆ ಚಾಕಲೇಟು. ನಮ್ಮಲ್ಲಿ ಕಾಲೇಜ್ ಪ್ರಿನ್ಸಿಪಾಲ್ ಆಗಿ ರಿಟೈರ್ ಆದೋರು ಇದಾರೆ, ಹೆರಿಗೆ ಆಸ್ಪತ್ರೆ ನಡೆಸಿದ ಡಾಕ್ಟರಮ್ಮ ಇದಾರೆ, ವೀಣೆ ವಿದ್ವಾಂಸರು ಇದಾರೆ, ಅವರನ್ನ ಒಂದು ಗಂಟೆ ಮಾತಾಡ್ಸಿದ್ರೆ ಎಷ್ಟು ಚೆನ್ನಾಗಿರತ್ತೆ, ಒಬ್ಬರನ್ನಾದ್ರೂ ಕೇಳಿದಾರಾ ನಿಮಗೆ ಏನು ಬೇಕು ಅಂತ? ಎಲ್‌ಕೆಜಿ ಮಕ್ಕಳ ಥರ ಗುಡ್ ಮಾರ್ನಿಂಗ್ ಸ್ವೀಟೀಸ್ ಅಂತಾರೆ. ಆ್ಯಕ್ಟಿವಿಟಿ ಮಾಡಿಸೋ ಆ ಹುಡುಗಿ ಒಳ್ಳೆಯವಳೇ, ಅವಳಿಗೆ ಮೇಲಿನವರು ಹೇಳ್ಕೊಟ್ಟಿರೋದೇ ಅಷ್ಟು.

ಮೊದಲು ನಾವೇ ಮಾಡ್ಕೊಳ್ತಿದ್ವಲ್ಲ, ಹಪ್ಪಳ ಸಂಡಿಗೆ, ಅದು ನೋಡು ಬೇಸಿಗೆ ಅಂದ್ರೆ. ಶಿವರಾತ್ರಿ ಕಳೀತು ಅಂದ್ರೆ ಲೆಕ್ಕಾಚಾರ ಶುರು. ಬೆಳಗಿನ ಜಾವ ಐದಕ್ಕೇ ಅಡಿಗೆಮನೇಲಿ ದೊಡ್ಡ ಪಾತ್ರೆಲಿ ಅಕ್ಕಿ ಹಿಟ್ಟಿನ ಗಂಜಿ ಕುದಿಸಿ, ಹಸಿಮೆಣಸಿನಕಾಯಿ ಇಂಗು ರುಬ್ಬಿ ಹಾಕಿ, ಜೀರಿಗೆ ಉದುರಿಸಿ, ಬಿಸಿಬಿಸಿ ಇರೋವಾಗ್ಲೇ ಟೆರೇಸಿಗೆ ತಗೊಂಡು ಹೋಗಿ ಹಳೇ ಪಂಚೆ ಒದ್ದೆ ಮಾಡಿ ಹಾಸಿ ಸೌಟಲ್ಲಿ ಇಟ್ಕೊಂಡು ಹೋಗೋದು. ಏಳೂವರೆಗೆ ಕೆಲಸ ಮುಗಿದು ಎಲ್ಲ ಕೆಳಗೆ. ಕಾಗೆ ಓಡ್ಸಕ್ಕೆ ಗಂಡಸರು ನೀರಿನ ಟ್ಯಾಂಕಿನ ನೆರಳಲ್ಲಿ ಕೋಲು ಹಿಡ್ಕೊಂಡು ಪಾಳಿ ಮೇಲೆ ಕೂರೋರು, ಪೇಪರ್ ಓದ್ಕೊಂಡು. ಯಾರ ಮನೇಲಿ ಏನು, ಯಾರ ಸೊಸೆ ಏನಂದ್ಲು, ಎಲ್ಲ ಅಲ್ಲೇ ಬಿಚ್ಚಿಕೊಳ್ಳೋದು, ಅತ್ತು ಸಮಾಧಾನ ಮಾಡ್ಕೊಂಡಿರೋದೂ ಉಂಟು ಆ ಟೆರೇಸಲ್ಲಿ. ರಾಮನವಮಿ ದಿನ ಪಾನಕ ನೀರುಮಜ್ಜಿಗೆ ಕೋಸಂಬರಿ ನಾವೇ ಮಾಡಿ ಸೆಕ್ಯೂರಿಟಿಯವರಿಗೆ, ಹೌಸ್‌ಕೀಪಿಂಗ್ ಹುಡುಗೀರಿಗೆ ಎಲ್ಲರಿಗೂ ಕೊಡ್ತಿದ್ವಿ. ಈಗ ಟೆರೇಸಿಗೆ ಬೀಗ. ಸೇಫ್ಟಿ ಅಂತೆ, ಯಾರಾದ್ರೂ ಜಾರಿ ಬಿದ್ರೆ ಕಂಪನಿಗೆ ತೊಂದ್ರೆ ಅಂತೆ. ಅಡಿಗೆಮನೆಗೆ ಹೊರಗಿನೋರು ಬರಂಗಿಲ್ಲವಂತೆ, ಅದೇ ಜಾಗದಲ್ಲಿ ವಾಸ ಮಾಡೋ ನಾವು ಹೊರಗಿನೋರು! ನಾವೆಲ್ಲ ಸೈನ್ ಹಾಕಿ ಲೆಟರ್ ಕೊಟ್ವಿ, ಇವತ್ತಿನವರೆಗೂ ಉತ್ತರ ಇಲ್ಲ. ನಡು ಮಧ್ಯಾಹ್ನ ಮರಳಲ್ಲಿ ನಡೆಸಕ್ಕೆ ಇಲ್ಲದ ಸೇಫ್ಟಿ ಬೆಳಿಗ್ಗೆ ಆರು ಗಂಟೆ ಸಂಡಿಗೆಗೆ ಬಂತು. ದುಡ್ಡು ಕೊಡ್ತಿರೋದು ನಾವು, ತಿಂಗಳು ಐದನೇ ತಾರೀಕು ದಾಟಿದ್ರೆ ಮೆಸೇಜ್ ಮೇಲೆ ಮೆಸೇಜು ಬರತ್ತೆ, ಅದಕ್ಕೆ ಮಾತ್ರ ಉತ್ತರ ತಕ್ಷಣ ಬೇಕು. ಗ್ರೂಪಲ್ಲಿರೋ ನಮ್ಮ ಹುಡುಗರೂ ಅಷ್ಟೆ, ಬೇಸಿಗೆ ರಜ ಅಂದ್ರೆ ಥಾಯ್ಲೆಂಡು ದುಬೈ, ಅಜ್ಜಿ ಇರೋ ಕಡೆ ನಾಲ್ಕು ದಿನ ಬಂದಿರಕ್ಕೆ ಆಗಲ್ಲ, ಗೆಸ್ಟ್ ರೂಮ್ ಖಾಲಿ ಬಿದ್ದಿರತ್ತೆ. ಸರಿ ಬಿಡು.

ಅಯ್ಯೋ, ನೀನು ಕೇಳಿದ್ದು ಕಳಿಸಬೇಕಾ ಬೇಡವಾ ಅಂತ ಅಲ್ವಾ. ಕಳಿಸು ಕಣೇ, ಖಂಡಿತ ಕಳಿಸು. ಹೊಸಾ ಜಾಗಕ್ಕೆ ಹೋಗಿರೋರು ಅತ್ತಿಗೆ, ಒಂದು ಸಲ ಬಸ್ಸಲ್ಲಿ ಪಕ್ಕ ಪಕ್ಕ ಕೂತು ಹೋಗಿ ಬಂದ್ರೆ ಆಗೋ ಸ್ನೇಹ ಡೈನಿಂಗ್ ಹಾಲಲ್ಲಿ ಆರು ತಿಂಗಳು ಕೂತ್ರೂ ಆಗಲ್ಲ. ಆದ್ರೆ ಇವತ್ತೇ ಅವರ ಆಫೀಸಿಗೆ ಫೋನ್ ಮಾಡಿ ಬಸ್ ಎಷ್ಟು ಗಂಟೆಗೆ ಬಿಡತ್ತೆ ಅಂತ ಗಟ್ಟಿಯಾಗಿ ಕೇಳು. ಬೆಂಗಳೂರಿಂದ ಎರಡು ಮೂರು ಗಂಟೆ ದಾರಿ, ಐದೂವರೆಗಾದ್ರೂ ಬಿಡಬೇಕು, ತಿಂಡಿ ಡಬ್ಬಿಗೆ ಹಾಕಿಸ್ಕೊಳ್ಳಲಿ, ತಲಕಾಡು ಮೊದಲು ಮುಗೀಲಿ, ಸೋಮನಾಥಪುರ ಆಮೇಲೆ, ಅಲ್ಲಿ ಸುತ್ತ ಕಲ್ಲಿನ ಕೈಸಾಲೆ ಇದೆ, ನೆರಳಲ್ಲಿ ಕೂತು ನೋಡಬಹುದು. ದಾರೀಲಿ ಬಾತ್‌ರೂಮಿಗೆ ಎಲ್ಲೆಲ್ಲಿ ನಿಲ್ಸ್ತಾರೆ ಅಂತ ಮೊದಲೇ ಕೇಳಿ ಬರ್ಕೊಂಡು ಅಮ್ಮಂಗೆ ಹೇಳು, ಗೊತ್ತಿದ್ರೆ ಅವರು ನೀರು ಕುಡೀತಾರೆ. ಮೆಡಿಕಲ್ ಶಾಪಲ್ಲಿ ದೊಡ್ಡೋರ ಪ್ಯಾಡ್ ಪ್ಯಾಂಟ್ ಸಿಗತ್ತೆ, ಒಂದು ದಿನಕ್ಕೆ ಹಾಕ್ಕೊಳಕ್ಕೆ ಹೇಳು, ನಾಚಿಕೆ ಏನೂ ಇಲ್ಲ, ಅತ್ತೆ ಹೇಳಿದ್ರು ಅನ್ನು.

ಮಾತ್ರೆ ವಿಷಯ ನಿಮ್ಮ ಡಾಕ್ಟರ್ ಹತ್ರ ಕೇಳಲೇಬೇಕು. ಬಿಪಿ ಮಾತ್ರೇಲಿ ನೀರಿನ ಮಾತ್ರೆ ಸೇರಿದ್ಯಾ, ಆ ದಿನ ಹೆಂಗೆ ತಗೊಳೋದು, ಎಷ್ಟು ನೀರು ಕುಡೀಬಹುದು ಅಂತ. ನೀವಾಗೇ ನಿಲ್ಲಿಸಬೇಡಿ, ಹಾರ್ಟು ಕಿಡ್ನಿ ತೊಂದ್ರೆ ಇರೋರಿಗೆ ನೀರಿಗೂ ಲೆಕ್ಕ ಇರತ್ತೆ. ಓಆರ್‌ಎಸ್ ಕೊಡಬಹುದಾ ಅಂತ ಅವರನ್ನೇ ಕೇಳು, ಕೊಡಬಹುದು ಅಂದ್ರೆ ಮೆಡಿಕಲ್ ಶಾಪಿನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು, ಅರ್ಧ ಪೊಟ್ಟಣ ಒಂದು ಲೋಟಕ್ಕೆ ಅಂತೆಲ್ಲ ಮಾಡಬಾರದು. ಡಬ್ಬಿಲಿ ಬರೋ ಬಣ್ಣಬಣ್ಣದ ಸಿಹಿ ನೀರು ಬೇಡ, 2025ರ ಅಕ್ಟೋಬರಲ್ಲಿ ಆಹಾರ ಸುರಕ್ಷತೆ ನೋಡ್ಕೊಳೋ ಎಫ್‌ಎಸ್‌ಎಸ್‌ಎಐನವರು ಅಂಥಾದ್ರ ಮೇಲೆ ಓಆರ್‌ಎಸ್ ಅಂತ ಹೆಸರು ಹಾಕಬಾರದು ಅಂತ ಆರ್ಡರ್ ಮಾಡಿದಾರೆ, ಶುಗರ್ ಇರೋರಿಗೆ ಅದು ಇನ್ನೂ ಕೆಟ್ಟದ್ದು. ನೀರುಮಜ್ಜಿಗೆ ಬೇಕಾದ್ರೆ ಒಯ್ಯಲಿ.

ಮುಖ್ಯವಾದ್ದು ಇನ್ನೊಂದಿದೆ ನೋಡು, ಕಾಲು. ಶುಗರ್ ಇರೋರಿಗೆ ಅಂಗಾಲು ಜೋಮು ಹಿಡಿದಿರತ್ತೆ, ಮರಳು ಸುಡ್ತಿರೋದು ಗೊತ್ತೇ ಆಗಲ್ಲ, ಸಂಜೆ ನೋಡಿದ್ರೆ ಬೊಬ್ಬೆ. ಅಣ್ಣನ ಕಾಲು ಆ ಪುಟ್ಟ ಗಾಯದಿಂದ ಎಲ್ಲಿಗೆ ಬಂತು ಅಂತ ನಾನು ಹೇಳಬೇಕಾಗಿಲ್ಲ. ದಪ್ಪ ಹತ್ತಿ ಸಾಕ್ಸ್ ಎರಡು ಜೊತೆ ಕಳಿಸು, ಚಪ್ಪಲಿ ಬಿಡೋ ಕಡೆ ಸಾಕ್ಸ್ ಹಾಕ್ಕೊಂಡೇ ನಡೀಲಿ, ವಾಪಸ್ ಬಂದು ಅಂಗಾಲು ಯಾರಾದ್ರೂ ನೋಡಲಿ. ಮರಳು ಕಾದಿದ್ರೆ ವೈದ್ಯನಾಥೇಶ್ವರನ ದರ್ಶನ ಒಂದೇ ಸಾಕು, ಉಳಿದಿದ್ದಕ್ಕೆ ಅಲ್ಲಿಂದಲೇ ಕೈ ಮುಗೀಲಿ. ಪರ್ಸಲ್ಲಿ ನಿನ್ನ ನಂಬರ್ರು, ಮಾತ್ರೆಗಳ ಹೆಸರು ಬರೆದ ಚೀಟಿ ಇರಲಿ. ಯಾರಾದ್ರೂ ತಡವರಿಸಿ ಮಾತಾಡಿದ್ರೆ, ಕೇಳಿದ್ದೇ ಕೇಳಿದ್ರೆ ಕಾಯಬಾರದು, 108, ಅಷ್ಟೊತ್ತೂ ಒದ್ದೆ ಬಟ್ಟೆ ಇಟ್ಟು ಬೀಸ್ತಾ ಇರಬೇಕು ಅಂತ ಅವರ ಆಫೀಸಿನವರಿಗೂ ಹೇಳು.

ಡಾಕ್ಟರ್ ಏನಂದ್ರು ಅಂತ ಸಂಜೆ ಫೋನ್ ಮಾಡು ಪುಟ್ಟಿ. ಎಂಟರ ಮೇಲೆ ಮಾಡು, ಏಳರಿಂದ ಭಜನೆ ಇರತ್ತೆ, ಟೀಚರಮ್ಮನ್ನ ಕರ್ಕೊಂಡು ಹೋಗಬೇಕು.